ಮುಚ್ಚಿಗೆ ಹಲಗೆಯೋ, ಟ್ರಾಲರ್ ಹಲಗೆಯೋ? ಹಳೇ ಸಾಮಾನಿನಲ್ಲಿ ಹಾಯಿ ದೋಣಿ ಎಬ್ಬಿಸಿದ್ದು

ನಮ್ಮದು ಅಜ್ಜಯ್ಯನ ಕಾಲದ ಹಾಯಿ ದೋಣಿ. ಉದ್ದ 18 ಅಡಿ. ಕುಂದಾಪುರದ ಹತ್ತಿರ ಪಂಚಗಂಗಾವಳಿ ಹೊಳೆಯ ದಡದಲ್ಲಿ, ತೆಂಗಿನ ಮರದ ಕೆಳಗೆ ಆರು ಮಳೆಗಾಲ ಕವುಚಿಕೊಂಡೇ ಇತ್ತು. ಅಪ್ಪಯ್ಯ ಮಾರೋಣ ಅಂದರು, ನನಗೆ ಮನಸ್ಸಾಗಲಿಲ್ಲ.

ಊರಲ್ಲಿ ಹಂಚಿನ ಮನೆಗಳನ್ನು ಕೆಡವುತ್ತಿದ್ದಾರೆ. ಬಂದರಿನಲ್ಲಿ ಬಲೆ ಎಳೆದು ಮೀನು ಹಿಡಿಯುವ ಮರದ ಟ್ರಾಲರ್‌ಗಳು ಹೋಗಿ ಕಬ್ಬಿಣದವು ಬರುತ್ತಿವೆ. ಒಳ್ಳೊಳ್ಳೆ ಮರ ಸುಮ್ನೆ ಬಚ್ಚಲೊಲೆಗೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಆದಷ್ಟೂ ಹಳೇ ಸಾಮಾನಿನಲ್ಲೇ ದೋಣಿ ರಿಪೇರಿ ಮಾಡಬೇಕು ಅಂತ ಹೊರಟೆ. ಒಂದೊಂದು ಕೆಲಸಕ್ಕೂ ಎರಡು ಮೂರು ಬಗೆ ಸಾಮಾನು ತಂದು ನೋಡಿದೆ.

ಮೊದಲು ಹಲಗೆ. ಐದು ಹಲಗೆ ಪೂರ್ತಿ ಹೋಗಿತ್ತು. ನನ್ನ ಮುಂದೆ ಇದ್ದದ್ದು ಎರಡು ದಾರಿ: ಹಳೇ ಮನೆಯ ಮುಚ್ಚಿಗೆ ಹಲಗೆ (ಹಂಚಿನ ಕೆಳಗೆ ಕೋಣೆಯ ಮೇಲೆ ಮುಚ್ಚುವ ಮರದ ಹಲಗೆ), ಇಲ್ಲವೇ ಒಡೆದ ಟ್ರಾಲರ್‌ನ ಹಲಗೆ. ದೋಣಿ ಮರ ದೋಣಿಗೇ ಸರಿ ಅಂತ ನಾನು ಟ್ರಾಲರ್ ಕಡೆಗೇ ವಾಲಿದ್ದೆ. ಬೆಲೆಯೂ ಕಡಿಮೆ, ಹೆಚ್ಚುಕಮ್ಮಿ ಸಾಗಿಸಿದ ಖರ್ಚು ಮಾತ್ರ. ಮನೆಗೆ ತಂದು ಉಳಿ ಇಟ್ಟಾಗಲೇ ಗೊತ್ತಾದದ್ದು. ಕಬ್ಬಿಣದ ಮೊಳೆ ಇದ್ದಲ್ಲೆಲ್ಲ ಮರ ಕಪ್ಪಾಗಿ, ನೆನೆದ ರಸ್ಕಿನ ಹಾಗೆ ಮೆತ್ತಗಾಗಿತ್ತು. ಒಂದು ಹಲಗೆ ಹೊರಗಿಂದ ನೋಡಲು ಗಟ್ಟಿಮುಟ್ಟು. ಬೆರಳಲ್ಲಿ ಬಡಿದರೆ ಮಾತ್ರ ಟೊಳ್ಳು ಸದ್ದು. ಅಡ್ಡ ಕೊಯ್ದು ನೋಡಿದೆವು. ಒಳಗೆಲ್ಲ ಕಿರುಬೆರಳು ಹೋಗುವಷ್ಟು ದಪ್ಪದ ತೂತು, ತೂತಿನ ಒಳಮೈಗೆ ಸುಣ್ಣ ಬಳಿದಂತೆ ಬಿಳಿ ಚಿಪ್ಪು. ಸಮುದ್ರದ ಮರಕೊರಕ ಹುಳುವಿನ ಕೆಲಸ. ಹೊರಗಡೆ ಕಂಡದ್ದು ಸೂಜಿಮೊನೆಯಷ್ಟು ತೂತು ಮಾತ್ರ.

ಮುಚ್ಚಿಗೆ ಹಲಗೆ ಹಲಸಿನದು. ಅಡುಗೆಮನೆ ಮೇಲಿದ್ದದ್ದರಿಂದ ಮಸಿ ಹಿಡಿದು ಕರ್ರಗಿತ್ತು. ಬಡಗಿ ಆಚಾರ್ರು ಕೀಸುಳಿ ಹಾಕಿದ ಕೂಡಲೇ ಒಳಗಿಂದ ಅರಿಶಿನದ ಬಣ್ಣ ಬಂತು. ಎಷ್ಟು ಚೆಂದ ಇತ್ತು ಅಂದರೆ ಬಣ್ಣ ಹಚ್ಚಲು ಮನಸ್ಸೇ ಬರಲಿಲ್ಲ. ಅಗಲ ಚೆನ್ನಾಗಿದೆ, ಹುಳು ಇಲ್ಲ. ಆದರೆ ಎರಡು ತೊಂದರೆ. ವರ್ಷಗಟ್ಟಲೆ ಒಣಗಿದ ಮರ ನೀರು ಕಂಡರೆ ಜಾಸ್ತಿ ಉಬ್ಬುತ್ತದೆ. ಬಿಗಿಯಾಗಿ ಕೂರಿಸಿದರೆ ಪಕ್ಕದ ಹಲಗೆಯನ್ನೇ ತಳ್ಳಿಬಿಡುತ್ತದೆ. ಹಾಗಾಗಿ ಹಳೇ ಎಟಿಎಂ ಕಾರ್ಡ್ ನುಸುಳುವಷ್ಟು ಸಂದು ಬಿಟ್ಟೆವು. ಇನ್ನೊಂದು, ಅದು ಬಾಗುವುದಿಲ್ಲ. "ಒಣ್ಗಿದ್ ಹಲ್ಗಿ ಬಗ್ಗುದಿಲ್ಲೆ, ಒಡಿತ್ ಕಾಣಿ" ಅಂತ ಆಚಾರ್ರು ಮೊದಲೇ ಹೇಳಿದ್ದರು. ನಾನು ಕೇಳಲಿಲ್ಲ. ವಾರ ಇಡೀ ಹೊಳೆಯಲ್ಲಿ ಮುಳುಗಿಸಿಟ್ಟು, ತೆಂಗಿನ ಸಿಪ್ಪೆಯ ಬೆಂಕಿಗೆ ಹಿಡಿದು, ನೀರು ಹೊಯ್ಯುತ್ತಾ ಬಾಗಿಸಿದೆವು. ದೋಣಿಯ ಮುಂಭಾಗದ ತಿರುವಿಗೆ ಬಂದಾಗ ಚಟ್ ಅಂತ ಉದ್ದಕ್ಕೂ ಸೀಳಿಹೋಯಿತು. ಅಷ್ಟು ಹೊತ್ತಿನ ಕೆಲಸ ಹಾಳಾದದ್ದಕ್ಕಿಂತ ಅಂಥ ಹಲಗೆ ಕಳೆದುಕೊಂಡೆನಲ್ಲ ಅಂತ ಸಂಕಟ ಆಯಿತು.

ಕೊನೆಗೆ ಮಾಡಿದ್ದು ಇಷ್ಟು. ನೆಟ್ಟಗಿರುವ ಮೂರು ಕಡೆ ಮುಚ್ಚಿಗೆ ಹಲಗೆ. ಮುಂಭಾಗದ ತಿರುವಿನ ಎರಡಕ್ಕೆ ಹೊಸ ಹೆಬ್ಬಲಸು, ದುಡ್ಡು ಕೊಟ್ಟು ತಂದದ್ದು. ನಮ್ಮ ಕರಾವಳಿಯಲ್ಲಿ ಹಿಂದಿನಿಂದಲೂ ದೋಣಿಗೆ ಅದನ್ನು ಬಳಸುತ್ತಾರೆ, ಬಳಸಿ ನೋಡಿದ ಮೇಲೆ ಯಾಕೆ ಅಂತ ನನಗೂ ಅರ್ಥವಾಯಿತು. ಟ್ರಾಲರ್ ಮರ ಪೂರ್ತಿ ದಂಡ ಆಗಲಿಲ್ಲ. ಅದರಲ್ಲಿ ಹುಟ್ಟಿನಿಂದಲೇ ಬಾಗಿದ ದಪ್ಪ ಮರಗಳಿದ್ದವು. ನೀರಿನಿಂದ ಮೇಲೆ ಇದ್ದವಾದ್ದರಿಂದ ಗಟ್ಟಿಯಾಗಿದ್ದವು. ಅವನ್ನು ಕೆತ್ತಿ ದೋಣಿಯ ಪಕ್ಕೆಲುಬಿಗೆ ಹಾಕಿದೆವು. ಅಂಥ ತಿರುವು ಈಗ ಯಾವ ಮರದ ಡಿಪೋದಲ್ಲೂ ಸಿಗುವುದಿಲ್ಲ.

ಮೊಳೆಯ ವಿಷಯದಲ್ಲಿ ನನಗೆ ಅನುಮಾನವೇ ಉಳಿದಿಲ್ಲ. ಕಿಟಕಿ, ಬಾಗಿಲಿನ ಹಳೇ ಹಿತ್ತಾಳೆ ಸ್ಕ್ರೂಗಳು ಡಬ್ಬದ ತುಂಬ ಇದ್ದವು. ತುಕ್ಕು ಹಿಡಿಯಲ್ಲ ಅಲ್ವಾ ಅಂತ ಹಾಕಿದೆ. ವರ್ಷ ಕಳೆದ ಮೇಲೆ ಒಂದನ್ನು ತಿರುಗಿಸಿದರೆ ತಲೆಯೇ ಕಿತ್ತು ಬಂತು. ಮುರಿದ ಜಾಗ ಹಳದಿ ಇರಲಿಲ್ಲ, ನಸುಗೆಂಪು. ಉಪ್ಪುನೀರಿಗೆ ಹಿತ್ತಾಳೆಯೊಳಗಿನ ಸತು ಕರಗಿಹೋಗಿ, ಪೊಳ್ಳು ತಾಮ್ರ ಮಾತ್ರ ಉಳಿದಿತ್ತು. ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ತಂದ ಹಳೇ ತಾಮ್ರದ ಮೊಳೆಗಳು ಮಾತ್ರ ಹೊಸದರ ಹಾಗೇ ಇವೆ. ಸೊಟ್ಟಗಾದದ್ದನ್ನು ಕಾಯಿಸಿ, ಮೆತ್ತಗೆ ಮಾಡಿ, ಬಡಿದು ನೆಟ್ಟಗೆ ಮಾಡಬಹುದು. ಒಂದೇ ಎಚ್ಚರಿಕೆ: ತಾಮ್ರಕ್ಕೆ ಕಬ್ಬಿಣ ತಾಗಬಾರದು. ಉಪ್ಪುನೀರಿನಲ್ಲಿ ಎರಡೂ ತಾಗಿದರೆ ಕಬ್ಬಿಣ ಬೇಗ ಕರಗಿ ಹೋಗುತ್ತದೆ.

ಸಂದು ತುಂಬಲು ಎರಡು ಬಗೆ ನೋಡಿದೆ. ಎಡಗಡೆಗೆ ಯಾರೋ ಕೆಲಸದಲ್ಲಿ ಉಳಿಸಿದ್ದ ಎಪಾಕ್ಸಿ ಪುಟ್ಟಿ. ಬಲಗಡೆಗೆ ಹತ್ತಿ ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆ. ದೋಣಿ ನೀರಿಗೆ ಇಳಿದು ಮರ ಉಬ್ಬಿದಾಗ ಪುಟ್ಟಿ ಗಾಜಿನ ಹಾಗೆ ಬಿರುಕು ಬಿಟ್ಟಿತು. ಹತ್ತಿ ಮರದ ಜೊತೆಗೇ ಒತ್ತಿಕೊಂಡು ಕೂತಿತು. ಗೇರು ಎಣ್ಣೆ ಚರ್ಮ ಸುಡುತ್ತದೆ, ಕೈಗೆ ಗ್ಲೌಸ್ ಹಾಕಿ, ಮೊಣಕೈವರೆಗೆ ತೆಂಗಿನೆಣ್ಣೆ ಹಚ್ಚಿಕೊಂಡೇ ಮುಟ್ಟಿ. ಈಗ ಎಡಗಡೆಯನ್ನೂ ಬಿಚ್ಚಿ ಹತ್ತಿ ತುಂಬಿದ್ದೇವೆ.

ಹಗ್ಗಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಂದರಿನಲ್ಲಿ ಬಿಸಾಡಿದ ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತದೆ. ಲಂಗರಿಗೆ ಅದು ಒಳ್ಳೆಯದು, ಹಾಯಿ ಎಳೆಯಲು ಬೇಡ.

ಹಾಯಿಗೆ ಮೂರು ಬಗೆ ನೋಡಿದೆ: ಜಾತ್ರೆಯ ಹಳೇ ಫ್ಲೆಕ್ಸ್ ಬ್ಯಾನರ್, ನೀಲಿ ಟಾರ್ಪಾಲು, ಮತ್ತು ಗೋವಾದಿಂದ ತಂದ ಹಳೇ ಡಿಂಗಿಯ (ಚಿಕ್ಕ ಹಾಯಿ ದೋಣಿಯ) ಪಾಲಿಯೆಸ್ಟರ್ ಹಾಯಿ. ಮೂರನ್ನೂ ಒಂದೇ ಅಳತೆಗೆ, ಸುಮಾರು 9 ಚದರ ಮೀಟರಿಗೆ, ಮೂರು ಮೂಲೆಯಾಗಿ ಕತ್ತರಿಸಿದೆ. ಮೂರನ್ನೂ ಕೋಡಿಯಿಂದ ಹೊಳೆಯಾಚೆಯ ಗಂಗೊಳ್ಳಿ ಕಡೆಗೆ ಮಧ್ಯಾಹ್ನದ ಪಡುಗಾಳಿಯಲ್ಲಿ ಓಡಿಸಿದೆ.

ಫ್ಲೆಕ್ಸ್ ಬಿಟ್ಟಿ ಸಿಗುತ್ತದೆ. ಆದರೆ ಭಾರ. ನನಗೆ ಸಿಕ್ಕಿದ್ದು 340 ಜಿಎಸ್‌ಎಂ, ಚದರ ಮೀಟರಿಗೆ 340 ಗ್ರಾಂ ತೂಕ, ಅಂದರೆ ಹಾಯಿಯೊಂದೇ 3 ಕೆಜಿ. ಹೊಳೆ ದಾಟುವಾಗ ಗಾಳಿ ಪಕ್ಕದಿಂದ ಬರುತ್ತದೆ, ಆಗ ಏನೂ ತೊಂದರೆ ಇಲ್ಲ. ಹೊಳೆ ಸಮುದ್ರ ಸೇರುವ ಅಳಿವೆ ಕಡೆಗೆ, ಗಾಳಿಗೆ ಎದುರಾಗಿ ಹೋಗಬೇಕು ಅಂದರೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ, ದೋಣಿ ಪಕ್ಕಕ್ಕೆ ಸರಿಯುತ್ತದೆ. ಹಗ್ಗ ಪೋಣಿಸಲು ಕಣ್ಣು ಹೊಡೆದ ಮೂಲೆ ಎರಡನೇ ದಿನವೇ ಕಿತ್ತುಬಂತು. ಗುಜರಿಯಿಂದ ಕಾರಿನ ಸೀಟ್ ಬೆಲ್ಟ್ ತಂದು ಮೂಲೆಗಳಿಗೆ ಹೊಲಿಸಿದ ಮೇಲೆ ನಿಂತಿತು. ಈ ಸೀಟ್ ಬೆಲ್ಟ್ ಉಪಾಯ ಯಾವ ಹಾಯಿಗೂ ಮಾಡಬಹುದು, ಖಂಡಿತ ಮಾಡಿ.

ಟಾರ್ಪಾಲು ಹಗುರ, ಎತ್ತಲು ಸುಲಭ, ಮಗಳು ಒಬ್ಬಳೇ ಎತ್ತುತ್ತಾಳೆ. ಆದರೆ ಬಿಸಿಲಿಗೆ ಆಗುವುದಿಲ್ಲ. ಒಂದು ಬೇಸಿಗೆ ಮುಗಿಯುವಷ್ಟರಲ್ಲಿ ಮಡಿಕೆ ಬಿದ್ದಲ್ಲೆಲ್ಲ ಪುಡಿಪುಡಿಯಾಗಿ ಉದುರತೊಡಗಿತು. ಆ ಪ್ಲಾಸ್ಟಿಕ್ ಚೂರು ಹೊಳೆಗೆ ಬೀಳುವುದು ನನಗೆ ಸರಿ ಕಾಣಲಿಲ್ಲ. ಅಲ್ಲಿಗೇ ಬಿಟ್ಟೆ.

ಡಿಂಗಿಯ ಹಾಯಿಗೆ ದುಡ್ಡು ಕೊಡಬೇಕಾಯಿತು. ಬಟ್ಟೆ ಸವೆದು ಮೆತ್ತಗಾಗಿತ್ತು, ಆದರೂ ಹರಿಯುತ್ತಿರಲಿಲ್ಲ. ಹೊಲಿಗೆ ಮಾತ್ರ ಉಗುರಿನಿಂದ ಗೀರಿದರೆ ಎದ್ದು ಬರುತ್ತಿತ್ತು. ಹಳೇ ಹಾಯಿ ಕೊಳ್ಳುವಾಗ ಹೀಗೇ ನೋಡಿ, ಬಿಸಿಲಿಗೆ ಮೊದಲು ಸಾಯುವುದು ನೂಲು. ಪೇಟೆಯ ಟೈಲರ್ ಒಬ್ಬರು, ಸ್ಕೂಲ್ ಬ್ಯಾಗ್ ಹೊಲಿಯುವವರು, ಪೂರ್ತಿ ಮರುಹೊಲಿಗೆ ಹಾಕಿಕೊಟ್ಟರು. ಫ್ಲೆಕ್ಸಿನ ಅರ್ಧ ತೂಕ. ಇದನ್ನು ಕಟ್ಟಿದ ದಿನ ದೋಣಿ ಅಳಿವೆ ಕಡೆಗೆ ಮುಖ ಮಾಡಿ, ಆಚೆ ಈಚೆ ತಿರುಗುತ್ತಾ, ತಾನಾಗಿ ಹೋಯಿತು. ಅಪ್ಪಯ್ಯ ಚುಕ್ಕಾಣಿ ಹಿಡಿದು ಕೂತಿದ್ದರು. ವಾಪಸ್ ಹೋಗೋಣ ಅಂತ ಎರಡು ಸಲ ಕೇಳಿದೆ, ಅವರು ತಿರುಗಿಸಲೇ ಇಲ್ಲ.