ಗಿಟ್ ದಾಖಲೆಯೋ, ಸಮೀಕ್ಷೆಯೋ, ಸಂದರ್ಶನವೋ?

ಓಪನ್ ಸೋರ್ಸ್ ಸಾಫ್ಟ್‌ವೇರ್ (ಕೋಡ್ ಯಾರು ಬೇಕಾದರೂ ನೋಡಿ ಬದಲಿಸಬಹುದಾದದ್ದು) ಕಟ್ಟುವವರ ಬಗ್ಗೆ ಪ್ರಾಜೆಕ್ಟ್ ಮಾಡಬೇಕು, ಯಾವ ವಿಧಾನ ಹಿಡಿಯಲಿ ಅಂತ ಧಾರವಾಡದ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ.

ಖರ್ಚು ನೋಡಿದರೆ ಗಿಟ್ ದಾಖಲೆಯೇ ಹಗುರ. ಕೋಡ್‌ನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ಗಿಟ್ ಅನ್ನೋ ಸಾಧನ ಬರೆದಿಡುತ್ತದೆ. ಹಾಸ್ಟೆಲ್ ರೂಮಿನಲ್ಲೇ ಕೂತು ಲಿನಕ್ಸ್ ಕರ್ನಲ್‌ನ (ಲಿನಕ್ಸ್ ವ್ಯವಸ್ಥೆಯ ತಿರುಳಿನ) 2005ರಿಂದ ಈಚಿನ ಇಡೀ ಇತಿಹಾಸ ಇಳಿಸಿಕೊಳ್ಳಬಹುದು. ಸಮೀಕ್ಷೆಗೂ ದುಡ್ಡು ಬೇಡ, ಆದರೆ ಉತ್ತರ ಕೊಡುವವರು ಕಡಿಮೆ. ಸಂದರ್ಶನಕ್ಕೆ ಸಮಯ ಜಾಸ್ತಿ. ಒಂದು ಗಂಟೆಯ ಮಾತು ಬರೆದಿಳಿಸಲು ನಾಲ್ಕೈದು ಗಂಟೆ ಬೇಕು.

ನಂಬಿಕೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಗಿಟ್ ಸುಳ್ಳು ಹೇಳಲ್ಲ ಅನಿಸುತ್ತದೆ, ಅಲ್ವಾ? ಒಂದು ಕಮಿಟ್, ಅಂದರೆ ದಾಖಲಾದ ಒಂದು ಬದಲಾವಣೆ, ತೆರೆದು ನೋಡಿ. ಬರೆದ ದಿನ, ಕಮಿಟ್ ಆದ ದಿನ ಅಂತ ಎರಡು ದಿನಾಂಕ ಇರುತ್ತವೆ. ನಡುವೆ ವಾರಗಳೇ ಕಳೆದಿರಬಹುದು. ಒಬ್ಬರೇ ಮನೆಯ ಇಮೇಲ್, ಆಫೀಸಿನ ಇಮೇಲ್ ಎರಡನ್ನೂ ಬಳಸಿದರೆ ಎಣಿಕೆಯಲ್ಲಿ ಇಬ್ಬರಾಗುತ್ತಾರೆ. ನಾನು ಹಾಗೇ ಎಣಿಸಿ, ಒಂದು ತಿಂಗಳ ಕೆಲಸ ಮತ್ತೆ ಮಾಡಿದೆ. ಕರ್ನಲ್‌ನಲ್ಲಿ ಇದಕ್ಕೆಂದೇ, ಒಬ್ಬರ ಹಲವು ಇಮೇಲ್‌ಗಳನ್ನು ಒಂದೇ ಹೆಸರಿಗೆ ಜೋಡಿಸುವ ಮೇಲ್‌ಮ್ಯಾಪ್ ಫೈಲ್ ಇದೆ, ಮೊದಲು ಅದನ್ನು ಬಳಸಿ.

ಯಾರು, ಎಷ್ಟು, ಯಾವಾಗ ಅನ್ನೋದಕ್ಕೆ ಗಿಟ್ ಸಾಕು. ಕೋಡ್ ಬರೆಯುತ್ತಿದ್ದವರು ಯಾಕೆ ಬಿಟ್ಟುಹೋದರು ಅನ್ನೋದಾದರೆ ಹತ್ತು ಹದಿನೈದು ಜನರನ್ನು ಮಾತಾಡಿಸಿ. ಆ ಕಾರಣ ಎಷ್ಟು ಜನರದ್ದು ಅಂತ ತಿಳಿಯಲು ಆಮೇಲೆ ಸಮೀಕ್ಷೆ. ಕನ್ನಡಕ್ಕೆ ಸಾಫ್ಟ್‌ವೇರ್ ಅನುವಾದಿಸುವವರ ಬಗ್ಗೆ ಆದರೆ ಜನವೇ ಕಡಿಮೆ. ಅಲ್ಲಿ ಸಮೀಕ್ಷೆ ಬಿಟ್ಟು, ಕನ್ನಡದಲ್ಲೇ ಕೂತು ಮಾತಾಡಿ.