ತೆಂಗಿನ ಮರಕ್ಕೆ ಡೈಪೋಲ್ ಕಟ್ಟಲಾ, ನೀರಂಚಿಗೆ ವರ್ಟಿಕಲ್ ನೆಡಲಾ?

ಹ್ಯಾಮ್‌ಗಳ, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರ, ಲೆಕ್ಕದಲ್ಲಿ ಲಕ್ಷದ್ವೀಪ ಬೇರೆಯೇ ದೇಶ. ಕಾಲ್‌ಸೈನ್ (ರೇಡಿಯೊದಲ್ಲಿ ನಮ್ಮ ಗುರುತಿನ ಹೆಸರು) ವಿಯು7 ಅಂತ ಶುರುವಾದರೆ ಸಾಕು, ಕರೆಯುವವರು ಸಾಲುಗಟ್ಟುತ್ತಾರೆ. ಪ್ರವೇಶ ಪರವಾನಗಿ, ರೇಡಿಯೊ ಅನುಮತಿ ಎರಡೂ ಸಿಕ್ಕಿತು ಅನ್ನಿ. ಬ್ಯಾಗಿಗೆ ಏನು ತುಂಬಬೇಕು?

ಮೊದಲು ಆಂಟೆನಾ. 14 ಮೆಗಾಹರ್ಟ್ಸ್‌ಗೆ ಡೈಪೋಲ್ (ನಡುವಿನಿಂದ ಸಿಗ್ನಲ್ ಕೊಡುವ, ಅಡ್ಡಕ್ಕೆ ಕಟ್ಟುವ ಆಂಟೆನಾ) ಅಂದರೆ ಸುಮಾರು 10 ಮೀಟರ್ ತಂತಿ. ಹಗುರ, ಅಗ್ಗ. ತೆಂಗಿನ ಮರಕ್ಕಂತೂ ಬರವಿಲ್ಲ. ಆದರೆ 10 ಮೀಟರ್ ಎತ್ತರಕ್ಕಾದರೂ ಏರಿಸದಿದ್ದರೆ ಸಿಗ್ನಲ್ ಜಾಸ್ತಿ ಮೇಲಕ್ಕೇ ಹೋಗುತ್ತದೆ, ದೂರ ಮುಟ್ಟುವುದು ಕಷ್ಟ. ಮರ ಹತ್ತುವವರು ಯಾರು?

ವರ್ಟಿಕಲ್‌ಗೆ (ನೆಟ್ಟಗೆ ನಿಲ್ಲಿಸುವ ಆಂಟೆನಾಗೆ) 5 ಮೀಟರ್ ಕಡ್ಡಿ, ಬುಡದಿಂದ ಸುತ್ತಲೂ ನೆಲಕ್ಕೆ ಹಾಸಲು ಒಂದಿಷ್ಟು ರೇಡಿಯಲ್ ತಂತಿ ಸಾಕು. ಊರಿನ ಒಣ ನೆಲದಲ್ಲಿ ಇದು ಸಪ್ಪೆ. ಕಡಲಂಚಿನಲ್ಲಿ ಕಥೆಯೇ ಬೇರೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಹಾಗಾಗಿ ಸಿಗ್ನಲ್ ದಿಗಂತದ ಕಡೆಗೆ ತಗ್ಗಿನಲ್ಲೇ ಹೊರಟು ದೂರ ಮುಟ್ಟುತ್ತದೆ. ಯುರೋಪ್, ಜಪಾನ್ ಬೇಕಿದ್ದರೆ ನನ್ನ ಓಟು ಇದಕ್ಕೇ. 7 ಮೆಗಾಹರ್ಟ್ಸ್‌ನಲ್ಲಿ ಕೇರಳ, ಕರ್ನಾಟಕದ ಗೆಳೆಯರ ಜೊತೆ ಸುಮ್ನೆ ಹರಟೋದಕ್ಕೆ ಮಾತ್ರ ತಗ್ಗಿಗೆ ಕಟ್ಟಿದ, 20 ಮೀಟರ್ ತಂತಿಯ ಡೈಪೋಲೇ ಸರಿ; ಮೇಲಕ್ಕೆ ಹೋದ ಸಿಗ್ನಲ್ ಹತ್ತಿರದಲ್ಲೇ ಇಳಿಯುತ್ತದೆ.

ಇನ್ನು ರೇಡಿಯೊ. ಐಕಾಮ್ ಐಸಿ-705 ಸುಮಾರು 1.1 ಕೆಜಿ. ತನ್ನದೇ ಬ್ಯಾಟರಿಯಲ್ಲಿ 5 ವ್ಯಾಟ್, ಹೊರಗಿನಿಂದ ಕರೆಂಟ್ ಕೊಟ್ಟರೆ 10. ಯಾಯೆಸು ಎಫ್‌ಟಿ-891 ಸುಮಾರು 1.9 ಕೆಜಿ, 100 ವ್ಯಾಟ್. ಆದರೆ ಪೂರ್ತಿ ಪವರ್‌ನಲ್ಲಿ 20 ಆಂಪಿಯರ್ ಹತ್ತಿರ ಎಳೆಯುತ್ತದೆ. ಆ ಬ್ಯಾಟರಿ ಹೊರುವವರು ನೀವೇ ಅಲ್ವಾ? ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಬಂದರೆ ಕಡಿಮೆ ಪವರ್‌ನಲ್ಲೂ ದೂರ ಮುಟ್ಟಬಹುದು, 705 ಸಾಕು. ಮೈಕ್ ಹಿಡಿದೇ ಮಾತಾಡಬೇಕು ಅಂದರೆ 891 ಒಯ್ಯಿರಿ, ಬಟ್ಟೆ ಎರಡು ಜೊತೆ ಕಡಿಮೆ ಮಾಡಿ.