ಉದ್ಯಮ್ ನೋಂದಣಿಗೆ ಶುಲ್ಕ ಕೇಳಿದರೆ ಅಲ್ಲಿಗೇ ನಿಲ್ಲಿಸಿ

ಆನ್‌ಲೈನ್ ಮಾರಾಟಕ್ಕೆ ಸರ್ಕಾರದ ನೆರವು ಬೇಕೆನ್ನುವ ಸಣ್ಣ ಉದ್ದಿಮೆದಾರರನ್ನು ಎಲ್ಲರೂ ಮೊದಲು ಕೇಳುವುದು ಉದ್ಯಮ್ ಪ್ರಮಾಣಪತ್ರವನ್ನು, ಅಂದರೆ ಸಣ್ಣ ಉದ್ದಿಮೆ ಎಂದು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡದ್ದಕ್ಕೆ ಸಿಗುವ ಪತ್ರವನ್ನು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಸಂಖ್ಯೆ ಕೈಯಲ್ಲಿದ್ದರೆ ಮನೆಯಲ್ಲೇ ಕುಳಿತು ಮಾಡಿಕೊಳ್ಳಬಹುದು. ದಾಖಲೆಗಳನ್ನು ಅಪ್‌ಲೋಡ್ ಮಾಡುವ ಗೋಜೂ ಇಲ್ಲ. ಇಂಥ ಕೆಲಸಕ್ಕೆ ನನ್ನ ತಂಗಿಯಿಂದ 2,499 ರೂಪಾಯಿ ಕಿತ್ತುಕೊಂಡರು. ದುಡ್ಡು ಹೋದರೆ ಹೋಗಲಿ, ಕೈಗೆ ಬಂದ ಪ್ರಮಾಣಪತ್ರ ಮಾಡಿದ ಹಾನಿ ಅದಕ್ಕಿಂತ ದೊಡ್ಡದು.

ಅವಳು ಬಟ್ಟೆಯ ಚೀಲ ಹೊಲಿದು ಮಾರುತ್ತಾಳೆ. ಸಣ್ಣ ಉದ್ದಿಮೆಗಳನ್ನು ಒಎನ್‌ಡಿಸಿ ಎಂಬ ಮುಕ್ತ ಆನ್‌ಲೈನ್ ಮಾರಾಟ ಜಾಲಕ್ಕೆ ತರಲು ಕೇಂದ್ರ ಸರ್ಕಾರ 2024ರ ಜೂನ್‌ನಲ್ಲಿ ‘ಟೀಮ್’ ಎಂಬ ಯೋಜನೆ ಆರಂಭಿಸಿತು. ಅದಕ್ಕೆ ಮೀಸಲಿಟ್ಟದ್ದು 277.35 ಕೋಟಿ ರೂಪಾಯಿ, ಗುರಿ ಐದು ಲಕ್ಷ ಉದ್ದಿಮೆಗಳು, ಅವುಗಳಲ್ಲಿ ಅರ್ಧ ಮಹಿಳೆಯರವು. ಕ್ಯಾಟಲಾಗ್ ತಯಾರಿ, ಸಾಗಾಣಿಕೆ, ಪ್ಯಾಕಿಂಗ್‌ಗೆ ನೆರವಿದೆ ಎಂದು ಓದಿ ಅವಳಿಗೆ ಆಸೆಯಾಯಿತು. ಆಗಬೇಕಾದದ್ದೇ.

ಮೊಬೈಲ್‌ನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ಒಂದು ಜಾಹೀರಾತು. ಪುಟ ತೆರೆದರೆ ಸಿಂಹದ ಲಾಂಛನವನ್ನೇ ಹೋಲುವ ಚಿತ್ರ, ತ್ರಿವರ್ಣದ ಪಟ್ಟಿ, ಅರ್ಜಿಯ ನಮೂನೆ. ‘ಇದು ಖಾಸಗಿ ಸಲಹಾ ಸಂಸ್ಥೆ’ ಎಂಬ ಸಾಲೂ ಇತ್ತು, ಪುಟದ ತೀರಾ ಕೆಳಗೆ, ಬೂದು ಹಿನ್ನೆಲೆಯ ಮೇಲೆ ಬೂದು ಅಕ್ಷರದಲ್ಲಿ. ಹಣ ಕಟ್ಟಿದ ಮೇಲೆ ಒಬ್ಬ ಕರೆ ಮಾಡಿ, ‘ಮೇಡಂ, ಆಧಾರ್ ಒಟಿಪಿ ಹೇಳಿ’ ಎಂದ. ಮರುದಿನ ಪ್ರಮಾಣಪತ್ರ ಬಂತು. ನಕಲಿಯಲ್ಲ, ಅಸಲಿಯೇ! ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಅದನ್ನು ಸಾಲುಸಾಲಾಗಿ ಓದಿದಾಗ ಬಣ್ಣ ಬಯಲಾಯಿತು. ಅವಳ ಹೆಸರು, ಅವಳ ವಿಳಾಸ. ಆದರೆ ಮೊಬೈಲ್ ಸಂಖ್ಯೆ ಏಜೆಂಟನದು, ಇ-ಮೇಲ್ ಕೂಡ ಅವನದೇ. ತಿದ್ದುಪಡಿಗೆಂದು ಲಾಗಿನ್ ಆಗಲು ಹೋದರೆ ಒಟಿಪಿ ಅವನ ಫೋನಿಗೆ ಹೋಗುತ್ತದೆ. ಹೊಸದಾಗಿ ನೋಂದಾಯಿಸೋಣವೆಂದರೆ ಒಂದು ಉದ್ದಿಮೆಗೆ ಒಂದೇ ನೋಂದಣಿ ಎಂಬ ನಿಯಮ. ಇನ್ನೂ ಕೆಟ್ಟದ್ದು, ‘ಮುಖ್ಯ ಚಟುವಟಿಕೆ’ ಎಂಬಲ್ಲಿ ತಯಾರಿಕೆಯ ಬದಲು ವ್ಯಾಪಾರ ಎಂದು ತುಂಬಿದ್ದ. ಚಿಲ್ಲರೆ, ಸಗಟು ವ್ಯಾಪಾರಿಗಳನ್ನು 2021ರ ಜುಲೈನಲ್ಲಿ ಉದ್ಯಮ್‌ಗೆ ಸೇರಿಸಿಕೊಂಡದ್ದು ಬ್ಯಾಂಕುಗಳು ಆದ್ಯತೆಯ ಮೇಲೆ ಕೊಡಬೇಕಾದ ‘ಆದ್ಯತಾ ವಲಯದ ಸಾಲ’ದ ಪ್ರಯೋಜನಕ್ಕೆ ಮಾತ್ರ, ಉಳಿದ ಯೋಜನೆಗಳ ನೆರವಿಗಲ್ಲ. ಚೀಲವನ್ನು ತಾನೇ ಹೊಲಿಯುವವಳು ಕಾಗದದ ಮೇಲೆ ಚೀಲ ಕೊಂಡು ಮಾರುವವಳಾದಳು.

ಕೇಳಿದ್ದಕ್ಕೆ ಏಜೆಂಟನ ಉತ್ತರ: ‘ತಿದ್ದುಪಡಿಗೆ ಬೇರೆ ಶುಲ್ಕ ಆಗುತ್ತದೆ ಮೇಡಂ.’ ಹಣ ವಾಪಸ್ ಕೇಳೋಣವೆಂದರೆ ‘ಸಲಹಾ ಶುಲ್ಕ’ ಎಂದು ಅಚ್ಚುಕಟ್ಟಾದ ಬಿಲ್ ಕೊಟ್ಟಿದ್ದಾನೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇವೆ. ಆ ಬಿಲ್ ಇರುವಾಗ ಹಣ ಮರಳುತ್ತದೆಂಬ ಭರವಸೆ ನನಗಂತೂ ಇಲ್ಲ.

ನೋಂದಣಿಯ ಸರ್ಕಾರಿ ತಾಣ ಒಂದೇ: ಉದ್ಯಮ್‌ರಿಜಿಸ್ಟ್ರೇಷನ್ ಡಾಟ್ ಜಿಒವಿ ಡಾಟ್ ಇನ್. ಹುಡುಕಾಟದ ಫಲಿತಾಂಶವನ್ನು ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. ಈಗಾಗಲೇ ಯಾರಿಂದಲೋ ಮಾಡಿಸಿದ್ದರೆ ಇಂದೇ ಪ್ರಮಾಣಪತ್ರ ತೆಗೆದು ಮೊಬೈಲ್, ಇ-ಮೇಲ್, ಮುಖ್ಯ ಚಟುವಟಿಕೆ, ಎನ್‌ಐಸಿ ಕೋಡ್ (ಉದ್ದಿಮೆ ಯಾವ ಬಗೆಯದೆಂದು ಹೇಳುವ ಸಂಖ್ಯೆ) ನೋಡಿಕೊಳ್ಳಿ. ತಪ್ಪಿದ್ದರೆ ಏಜೆಂಟನ ಬಳಿಗೆ ಮತ್ತೆ ಹೋಗದೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಇಲ್ಲವೇ ಸಣ್ಣ ಉದ್ದಿಮೆಗಳ ದೂರು ಆಲಿಸುವ ಕೇಂದ್ರ ಸರ್ಕಾರದ ‘ಚಾಂಪಿಯನ್ಸ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ತಂಗಿ ಎರಡನ್ನೂ ಮಾಡಿ ಕಾಯುತ್ತಿದ್ದಾಳೆ. ಈ ನಡುವೆ ಅದೇ ಸಂಸ್ಥೆಯಿಂದ ‘ವಾರ್ಷಿಕ ನವೀಕರಣ ಶುಲ್ಕ’ ಕಟ್ಟಿ ಎಂದು ಸಂದೇಶ ಬಂದಿದೆ. ಉದ್ಯಮ್ ನೋಂದಣಿಗೆ ನವೀಕರಣ ಎಂಬುದೇ ಇಲ್ಲ.